ಅಭ್ಯಂಗ: ಯಾರಿಗೆ, ಯಾವಾಗ, ಯಾವ ಬಗೆ?

ಘಟ್ಟದ ಮೇಲಿನ ಭಕ್ತಬಂಧುಗಳು ಆಗುಂಬೆ ಘಾಟಿಯನ್ನಿಳಿದು ಉಡುಪಿಗೆ ಹೋಗುವಾಗ ಹೆಬ್ರಿಯನ್ನು ದಾಟಿ ನಮ್ಮ ಪೆರ್ಡೂರನ್ನು ಹಾದುಹೋಗುತ್ತಾರೆ. ಅವರಲ್ಲಿ ಕೆಲವರು ಚಿಕಿತ್ಸಾಲಯಕ್ಕೂ ಬರುವುದುಂಟು. ಈಚಿನ ವರ್ಷಗಳಲ್ಲಿ ಹೀಗೆ ಬಂದವರ ಕೈಯಲ್ಲಿ ಯಾವುದೋ ಮಸಾಜ್ ಕೇಂದ್ರದ ದರಪಟ್ಟಿ ಇರುತ್ತದೆ. ಅಭ್ಯಂಗ, ಪಿಳಿಚ್ಚಿಲ್, ನವರಕಿಳಿ, ಶಿರೋಧಾರೆ, ಅದರ ಕೆಳಗೆ ಸ್ವೀಡಿಷ್, ಥಾಯ್, ಡೀಪ್ ಟಿಶ್ಯೂ. ಒಂದೊಂದರ ಎದುರಿಗೂ ನಿಮಿಷ ಮತ್ತು ರೂಪಾಯಿ. "ಇದರೊಳಗೆ ನಮಗೆ ಯಾವುದು ಒಳ್ಳೆಯದು, ಡಾಕ್ಟ್ರೇ?" ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸಹಜವಾದದ್ದೇ. ಆದರೆ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದದ್ದು, ನನ್ನ ಈ ದೇಹಕ್ಕೆ ಇಂದು ಎಣ್ಣೆ ಬೇಕೇ ಬೇಡವೇ ಎಂಬುದನ್ನು. ಹೋಟೆಲಿನ ತಿಂಡಿಪಟ್ಟಿಯಿಂದ ದೋಸೆಯನ್ನು ಆರಿಸಿದಂತೆ ಅಂಗಮರ್ದನವನ್ನು ಆರಿಸುವ ಪದ್ಧತಿ ಬೆಳೆಯುತ್ತಿರುವುದು ನನಗೆ ಸರಿಕಾಣುವುದಿಲ್ಲ. ಎಣ್ಣೆಯೂ ಔಷಧವೇ, ಔಷಧಕ್ಕೆ ಹೊತ್ತು, ಪ್ರಮಾಣ, ನಿಷೇಧ ಮೂರೂ ಉಂಟು.

ನಿತ್ಯ ಅಭ್ಯಂಗವನ್ನು ನಮ್ಮ ಆಚಾರ್ಯರು ದಿನಚರ್ಯೆಯಲ್ಲಿಯೇ ಸೇರಿಸಿದ್ದಾರೆ. ವಾಗ್ಭಟರು ಮುಪ್ಪು, ಆಯಾಸ, ವಾತ ಇವುಗಳನ್ನು ದೂರವಿರಿಸುವುದಕ್ಕೆ ಅದನ್ನು ಪ್ರತಿದಿನವೂ ಹೇಳಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಿಕೊಳ್ಳಬೇಕೆಂದಿದ್ದಾರೆ. ಆದರೆ ಅದೇ ಪ್ರಕರಣದಲ್ಲಿ, ಒಂದೆರಡು ಸಾಲುಗಳ ಅಂತರದಲ್ಲಿ, ಕಫದಿಂದ ಬಳಲುವವರು, ವಮನ ವಿರೇಚನಾದಿ ಶೋಧನ ಮಾಡಿಸಿಕೊಂಡವರು ಮತ್ತು ಅಜೀರ್ಣವುಳ್ಳವರು ಅಭ್ಯಂಗವನ್ನು ಬಿಡಬೇಕೆಂದೂ ಸ್ಪಷ್ಟವಾಗಿ ತಿಳಿಸಿದ್ದಾರೆ. ಸುಶ್ರುತರು ಇನ್ನೂ ಮುಂದೆ ಹೋಗಿ ಆಮದೋಷವಿರುವವರಿಗೂ ಹೊಸ ಜ್ವರದವರಿಗೂ ಎಣ್ಣೆ ಸಲ್ಲದು ಎಂದಿದ್ದಾರೆ. ಮೊದಲ ಮಾತು ಎಲ್ಲ ಕೇಂದ್ರಗಳ ಗೋಡೆಯ ಮೇಲೆಯೂ ಬರೆದಿರುತ್ತದೆ. ಎರಡನೆಯದನ್ನು ಯಾರೂ ಬರೆಯಿಸಿದ್ದನ್ನು ನಾನು ಕಂಡಿಲ್ಲ.

ಆಮವೆಂದರೇನು? ಜಠರಾಗ್ನಿಯು ಮಂದವಾದಾಗ ಸರಿಯಾಗಿ ಪಚನವಾಗದೆ ಉಳಿದ, ಜಿಗುಟಾದ, ಸ್ರೋತಸ್ಸುಗಳನ್ನು ಕಟ್ಟುವ ಅಂಶ. ಅದನ್ನು ಗುರುತಿಸುವುದಕ್ಕೆ ಯಂತ್ರ ಬೇಡ. ಬೆಳಗ್ಗೆ ಎದ್ದಾಗ ನಾಲಿಗೆಯ ಮೇಲೆ ಬಿಳಿಯ ಲೇಪ, ಬಾಯಿಗೆ ರುಚಿಯಿಲ್ಲದಿರುವುದು, ರಾತ್ರಿಯುಂಡ ಊಟದ ತೇಗು ಇನ್ನೂ ಬರುತ್ತಿರುವುದು, ಮೈಯೆಲ್ಲ ಭಾರ, ಹಸಿವಿಲ್ಲ. ಹೀಗಿರುವ ದಿನ ಎಣ್ಣೆಯ ಬಟ್ಟಲನ್ನು ಮುಟ್ಟಬೇಡಿ. ಬಿಸಿನೀರು, ಶುಂಠಿ ಕಷಾಯ, ಒಪ್ಪೊತ್ತು ಗಂಜಿ ಸಾಕು. ನರಕ ಚತುರ್ದಶಿಯ ಎಣ್ಣೆಸ್ನಾನವನ್ನು ನಮ್ಮ ಹಿರಿಯರು ಬೆಳಕು ಹರಿಯುವ ಮೊದಲು, ಬರಿಹೊಟ್ಟೆಯಲ್ಲಿ ಮಾಡಿಸುತ್ತಿದ್ದುದರಲ್ಲಿ ಎಷ್ಟು ವಿವೇಕವಿತ್ತೆಂಬುದನ್ನು ಗಮನಿಸಿ. ಈಗ ಹೋಳಿಗೆ ಊಟ ಮುಗಿಸಿ ಮೂರು ಗಂಟೆಗೆ ಮಸಾಜಿಗೆ ಸಮಯ ಗೊತ್ತುಮಾಡಿಕೊಂಡು ಹೋಗುವವರಿದ್ದಾರೆ.

ಇನ್ನು ದೇಶದ ವಿಚಾರ. ಈ ಪತ್ರಿಕೆಯ ಓದುಗರಲ್ಲಿ ಬಹುಪಾಲು ಬಯಲುಸೀಮೆಯವರು. ಗದಗ, ಕೊಪ್ಪಳದ ಕಡೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ನಮ್ಮ ಉಡುಪಿ ಸೀಮೆಯಲ್ಲಿ 4,000 ಮಿಲಿಮೀಟರಿಗೂ ಮಿಕ್ಕಿದ ಮಳೆ. ಮೇಲಿನ ಆಗುಂಬೆಯಲ್ಲಿ ಅದು 7,000ವನ್ನು ಮೀರುತ್ತದೆ. ಶಾಸ್ತ್ರದಲ್ಲಿ ಮೊದಲನೆಯದು ಜಾಂಗಲ ದೇಶ, ನಮ್ಮದು ಆನೂಪ. ಒಣಗಾಳಿಯಲ್ಲಿ ಹೊಲಗೆಲಸ ಮಾಡಿ, ಚಳಿಗಾಲದಲ್ಲಿ ಹಿಮ್ಮಡಿ ಒಡೆದು, ಚರ್ಮ ಬಿರಿದ ರೈತನಿಗೆ ಎಳ್ಳೆಣ್ಣೆಯ ಅಭ್ಯಂಗ ಅಮೃತಸಮಾನ. ಅದೇ ಎಣ್ಣೆಯನ್ನು ಆಷಾಢದ ಮಳೆಯಲ್ಲಿ, ಬಟ್ಟೆ ಒಣಗದ, ಗೋಡೆಗೆ ಪಾಚಿ ಹಿಡಿಯುವ ಕರಾವಳಿಯಲ್ಲಿ, ಮೊದಲೇ ಕಫ ತುಂಬಿದ ಸ್ಥೂಲದೇಹಿಗೆ ದಿನವೂ ಹಚ್ಚಿದರೆ ಮೈಭಾರ ಹೆಚ್ಚೀತೇ ಹೊರತು ಇಳಿಯದು. ಆದುದರಿಂದ ಗದುಗಿನವರಿಗೆ ಹೊಂದಿದ್ದು ಪೆರ್ಡೂರಿನವರಿಗೆ ಹೊಂದಲೇಬೇಕೆಂದಿಲ್ಲ. ಕೇರಳದ ಮಳೆಗಾಲದ ಚಿಕಿತ್ಸೆಯನ್ನು ಬಯಲುಸೀಮೆಯ ಬೇಸಿಗೆಗೆ ಹಾಗೆಯೇ ಎತ್ತಿಟ್ಟರೂ ಹೊಂದದು.

ಎಣ್ಣೆಗಳ ಆಯ್ಕೆಯ ಬಗ್ಗೆ ಒಂದೆರಡು ಮಾತು. ಸಸ್ಯಜನ್ಯ ಸ್ನೇಹಗಳಲ್ಲಿ ಚರಕರು ಎಳ್ಳೆಣ್ಣೆಯನ್ನು ಅಗ್ರಸ್ಥಾನದಲ್ಲಿ, ಕುಸುಬೆ ಎಣ್ಣೆಯನ್ನು ಕಟ್ಟಕಡೆಗೆ ಇಟ್ಟಿದ್ದಾರೆ. ನಮ್ಮ ಕರಾವಳಿಯ ತೆಂಗಿನೆಣ್ಣೆ ತಂಪು. ಪಿತ್ತಪ್ರಕೃತಿಯವರಿಗೆ, ಬೇಸಿಗೆಗೆ, ತಲೆಗೆ ಒಳ್ಳೆಯದು. ಗಂಟುನೋವಿನ ವೃದ್ಧರಿಗೆ ಅದೊಂದೇ ಸಾಲದು. ಅಂಗಾಲು ಉರಿಯುವವರಿಗೆ ಪಿಂಡತೈಲ, ಕೃಶರಾಗಿ ಸ್ನಾಯುಗಳು ಸೊರಗಿದವರಿಗೆ ಬಲಾ ಅಶ್ವಗಂಧಗಳ ತೈಲ, ಸೊಂಟ ಕಾಲುಗಳ ಸೆಳೆತಕ್ಕೆ ಸಹಚರಾದಿ. ಹೆಸರುಗಳನ್ನು ಇಷ್ಟು ಹೇಳಿದ್ದೇ ಹೆಚ್ಚು. ಇವುಗಳನ್ನು ನಿಮ್ಮೂರಿನ ವೈದ್ಯರನ್ನು ಕೇಳಿಯೇ ತರಿಸಿಕೊಳ್ಳಿ.

ನಲವತ್ತು ದಾಟಿದ, ಕುರ್ಚಿಯಲ್ಲಿ ಕುಳಿತು ದುಡಿಯುವ, ಹೊಟ್ಟೆ ಮುಂದೆ ಬಂದಿರುವ, ಊಟವಾದೊಡನೆ ತೂಕಡಿಕೆ ಬರುವ ಮಂದಿಗೆ ನಾನು ಸೂಚಿಸುವುದು ಎಣ್ಣೆಯನ್ನಲ್ಲ, ಒಣಪುಡಿಯನ್ನು. ಇದಕ್ಕೆ ಉದ್ವರ್ತನವೆಂದು ಹೆಸರು. ಹುರುಳಿಯನ್ನು ಹದವಾಗಿ ಹುರಿದು ನುಣ್ಣಗೆ ಬೀಸಿ, ಜರಡಿ ಹಿಡಿದು, ಅದಕ್ಕೆ ತ್ರಿಫಲಾ ಚೂರ್ಣವನ್ನು ಬೆರೆಸಿ, ಕಾಲಿನಿಂದ ಮೇಲ್ಮುಖವಾಗಿ, ರೋಮಗಳ ಎದುರುದಿಕ್ಕಿಗೆ ಉಜ್ಜುವುದು. ಕಫವನ್ನು ತಗ್ಗಿಸಿ ಮೇದಸ್ಸನ್ನು ಕರಗಿಸುವುದು, ಅಂಗಗಳಿಗೆ ಬಿಗಿ ಕೊಡುವುದು, ಚರ್ಮಕ್ಕೆ ಕಾಂತಿ ತರುವುದು ಇದರ ಗುಣವೆಂದು ಶಾಸ್ತ್ರ ಹೇಳುತ್ತದೆ. ಉಜ್ಜುವುದೊಂದರಿಂದಲೇ ಹೊಟ್ಟೆ ಕರಗೀತೆಂದು ಯಾರೂ ಭ್ರಮಿಸಬೇಕಾಗಿಲ್ಲ. ನಡಿಗೆ ಮತ್ತು ಮಿತಾಹಾರ ಜೊತೆಗಿರಲೇಬೇಕು. ಆದರೆ ಮೈಯ ಜಡತ್ವ ಹೋಗಿ ನಡೆಯುವ ಉತ್ಸಾಹ ಬರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಇದನ್ನು ಸೂಚಿಸಿದಾಗ ಜನರ ಮುಖ ಸ್ವಲ್ಪ ಬಾಡುತ್ತದೆ. ಎಣ್ಣೆಯ ಸುಖ ಹುರುಳಿ ಹಿಟ್ಟಿನಲ್ಲಿಲ್ಲ, ನಿಜ. ದರಪಟ್ಟಿಯಲ್ಲಿ ಅದಕ್ಕೆ ಹೆಚ್ಚು ಬೆಲೆಯೂ ಇಲ್ಲದಿರುವುದರಿಂದ ಕೇಂದ್ರದವರೂ ಅದನ್ನು ಒತ್ತಿ ಹೇಳುವುದಿಲ್ಲ.

ಈಗ ಈ ಲೇಖನವನ್ನು ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಜನ ಎಲ್ಲ ಕೀಲುನೋವನ್ನೂ "ವಾತ" ಎಂಬ ಒಂದೇ ಮಾತಿನಲ್ಲಿ ಹೇಳಿ, ವಾತಕ್ಕೆ ಎಣ್ಣೆ ಎಂಬ ನಿರ್ಣಯಕ್ಕೆ ಬಂದುಬಿಡುತ್ತಾರೆ. ಕೀಲುಗಳನ್ನು ಹಿಡಿಯುವ ವಾತದಲ್ಲಿ ಎರಡು ಬಗೆಯನ್ನು ಬೇರ್ಪಡಿಸದಿದ್ದರೆ ಅನಾಹುತವಾಗುತ್ತದೆ. ಒಂದು ಸಂಧಿವಾತ, ಅಂದರೆ ಸವೆತದ ನೋವು. ಇನ್ನೊಂದು ಆಮವಾತ. ಮಾಧವಕರರು ತಮ್ಮ ನಿದಾನಗ್ರಂಥದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಇಂದಿನ ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವ ರೋಗದ ಲಕ್ಷಣಗಳು ಬಹುಮಟ್ಟಿಗೆ ಇದಕ್ಕೆ ಹೋಲುತ್ತವೆ.

ಎರಡನ್ನೂ ಮನೆಯಲ್ಲಿಯೇ ಸ್ಥೂಲವಾಗಿ ಗುರುತಿಸಬಹುದು. ಸಂಧಿವಾತದಲ್ಲಿ ಮಂಡಿ, ಸೊಂಟದಂಥ ಭಾರ ಹೊರುವ ಕೀಲುಗಳು ನೋಯುತ್ತವೆ. ನಡೆದರೆ, ಮೆಟ್ಟಿಲು ಹತ್ತಿದರೆ ಹೆಚ್ಚು, ಕುಳಿತರೆ ಕಡಿಮೆ. ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ಮಡಿಚಿದಾಗ ಕಟಕಟ ಸದ್ದು. ಆಮವಾತದಲ್ಲಿ ಎರಡೂ ಕೈಗಳ ಬೆರಳಿನ ಸಣ್ಣ ಕೀಲುಗಳು, ಮಣಿಕಟ್ಟು ಒಟ್ಟಿಗೇ ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಒಂದು ಗಂಟೆಯನ್ನೂ ಮೀರುತ್ತದೆ. ಮುಷ್ಟಿ ಕಟ್ಟಲಾಗುವುದಿಲ್ಲ, ಸೀರೆಯ ನೆರಿಗೆ ಹಿಡಿಯಲಾಗುವುದಿಲ್ಲ. ಮೈ ಬೆಚ್ಚಗಿರುತ್ತದೆ, ಹಸಿವಿರುವುದಿಲ್ಲ, ಆಯಾಸ ವಿಪರೀತ. ನಡುವಯಸ್ಸಿನ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು.

ಸಂಧಿವಾತಕ್ಕೆ ಎಣ್ಣೆ ಹಿತ. ಆಮವಾತದ ಆರಂಭದಲ್ಲಿ ಎಣ್ಣೆ ಅಹಿತ. ಚಕ್ರದತ್ತದಲ್ಲಿ ಅದರ ಚಿಕಿತ್ಸೆ ಆರಂಭವಾಗುವುದೇ ಲಂಘನದಿಂದ, ಅಂದರೆ ಹೊಟ್ಟೆಯನ್ನು ಹಗುರಗೊಳಿಸುವುದರಿಂದ. ಬಳಿಕ ಕಹಿ, ಖಾರ ರಸಗಳ ದೀಪನ ಔಷಧಗಳು ಮತ್ತು ರೂಕ್ಷಸ್ವೇದ, ಅದರಲ್ಲಿಯೂ ಮರಳಿನ ಕಾವು. ಶುದ್ಧ ಮರಳನ್ನು ಕಬ್ಬಿಣದ ಬಾಣಲೆಯಲ್ಲಿ ಬಿಸಿಮಾಡಿ, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ, ಕಾವು ಕೊಡುವವರು ಮೊದಲು ತಮ್ಮ ಮುಂಗೈ ಹಿಂಭಾಗಕ್ಕೆ ತಾಗಿಸಿ ನೋಡಿ, ಆಮೇಲೆ ರೋಗಿಯ ಕೀಲಿಗೆ ಇಡಬೇಕು. ಒಂದು ತೊಟ್ಟು ಎಣ್ಣೆಯೂ ಇಲ್ಲ. ವಿಚಿತ್ರವೆಂದರೆ, ಇದೇ ರೋಗಕ್ಕೆ ಹರಳೆಣ್ಣೆಯನ್ನು ವೈದ್ಯರು ಹದನೋಡಿ ಹೊಟ್ಟೆಗೆ ಕೊಡುತ್ತಾರೆ. ಒಳಗೆ ಔಷಧವಾದದ್ದು ಹೊರಗೆ ಹಾನಿಯಾಗಬಹುದು. ಆಮ ಪಚನವಾಗಿ ಊತವಿಳಿದ ಮೇಲೆ ಬೃಹತ್ ಸೈಂಧವಾದಿಯಂಥ ತೈಲಗಳಿಗೆ ಅವಕಾಶವುಂಟು. ಆ ದಿನವನ್ನು ನಿಶ್ಚಯಿಸಬೇಕಾದವರು ವೈದ್ಯರು.

ಹಾವೇರಿ ಕಡೆಯ ತಾಯಿಯೊಬ್ಬರು ಮಣಿಪಾಲದಲ್ಲಿ ಓದುತ್ತಿದ್ದ ಮಗಳನ್ನು ನೋಡಲು ಬಂದವರು ನನ್ನಲ್ಲಿಗೂ ಬಂದಿದ್ದರು. "ಎಣ್ಣಿ ಬದ್ಲಿ ಮಾಡಿ ಮಾಡಿ ಸಾಕಾತ್ರಿ" ಎಂದರು. ಎಂಟು ತಿಂಗಳು, ನಾಲ್ಕು ಬಗೆಯ ಎಣ್ಣೆ, ಊರಿನ ಒಂದು ಕೇಂದ್ರದಲ್ಲಿ ಇಪ್ಪತ್ತೊಂದು ದಿನದ ಮಸಾಜು. ಉಜ್ಜಿದ ದಿನ ಸಂಜೆ ಬೆರಳುಗಳು ಇನ್ನಷ್ಟು ಊದುತ್ತಿದ್ದವು. "ನೋವು ಹೊರಗೆ ಬರ್ತಾ ಇದೆ, ಒಳ್ಳೆಯದೇ" ಎಂದು ಅವರಿಗೆ ಸಮಾಧಾನ ಹೇಳಲಾಗಿತ್ತಂತೆ. ನಾಲಿಗೆ ನೋಡಿದರೆ ಸುಣ್ಣ ಬಳಿದಂತಿತ್ತು. ಎಣ್ಣೆಯನ್ನು ನಿಲ್ಲಿಸಿ, ಗಂಜಿ, ಶುಂಠಿ, ಮರಳಿನ ಕಾವನ್ನು ಆರಂಭಿಸಿ, ಅದೇ ವಾರ ಆಂಟಿ-ಸಿಸಿಪಿ ರಕ್ತಪರೀಕ್ಷೆಗೆ ಬರೆದುಕೊಟ್ಟು, ಕೀಲುರೋಗದ ತಜ್ಞರಲ್ಲಿಗೂ ಕಳುಹಿಸಿದೆ. ಈಗ ಆ ತಾಯಿ ತಾವೇ ರೊಟ್ಟಿ ಬಡಿಯುತ್ತಾರೆ. ಆದರೆ ಬಲಗೈಯ ಎರಡು ಬೆರಳು ಬಾಗಿದ್ದು ಬಾಗಿದಂತೆಯೇ ಉಳಿದಿವೆ. ಈ ರೋಗದಲ್ಲಿ ಕೀಲಿಗೆ ಹಾನಿಯಾಗುವುದು ಬಹುಪಾಲು ಮೊದಲ ವರ್ಷಗಳಲ್ಲಿಯೇ. ಕಳೆದುಹೋದ ಎಂಟು ತಿಂಗಳನ್ನು ಯಾವ ತೈಲವೂ ತಂದುಕೊಡಲಾರದು. ಆಯುರ್ವೇದದ ವೈದ್ಯನಾಗಿ ಅಲೋಪತಿಯವರಲ್ಲಿಗೆ ಕಳುಹಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಊದಿದ ಬೆರಳಿಗೆ ಪದ್ಧತಿಗಳ ಜಗಳ ಬೇಕಾಗಿಲ್ಲ. ತಜ್ಞರು ಕೊಟ್ಟ ಮಾತ್ರೆಯನ್ನು ನಮ್ಮ ಕಷಾಯ ಶುರುವಾಯಿತೆಂದು ನೀವಾಗಿಯೇ ನಿಲ್ಲಿಸಬಾರದು.

ಸವೆತದ ನೋವಿಗೆ ಎಣ್ಣೆ ಹಿತವೆಂದೆನಷ್ಟೆ. ಅದಕ್ಕೆ ಉದಾಹರಣೆ ನಮ್ಮೂರಿನಲ್ಲಿಯೇ ಇದೆ. ಪೆರ್ಡೂರಿನ ಹೆಸರನ್ನು ನಾಡಿಗೆ ಒಯ್ದಿರುವುದು ಯಕ್ಷಗಾನ ಮೇಳ. ಬಡಗುತಿಟ್ಟಿನ ಮಂಡಿ ಕುಣಿತವನ್ನು ನೋಡಿದವರಿಗೆ ಗೊತ್ತು, ಕಲಾವಿದರು ಮಂಡಿಯೂರಿ ರಂಗಸ್ಥಳದಲ್ಲಿ ಗಿರಗಿರನೆ ಸುತ್ತುತ್ತಾರೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ರಾತ್ರಿಯಿಡೀ ಇದೇ ಕಾಯಕ. ಇಂಥ ಮಂಡಿಗಳಿಗೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಅದರೊಳಗೆ ಬೆಚ್ಚಗಿನ ತೈಲವನ್ನು ನಿಲ್ಲಿಸುವ ಜಾನುಬಸ್ತಿ, ತೊಡೆಯ ಸ್ನಾಯುಗಳಿಗೆ ಹದವಾದ ಅಭ್ಯಂಗ, ರಾತ್ರಿ ಪಾದಾಭ್ಯಂಗ ಇವು ಬಹಳ ಉಪಕಾರಿ. ಆದರೆ ನಿನ್ನೆ ರಾತ್ರಿ ಉಳುಕಿ ಇಂದು ಬೆಳಗ್ಗೆ ಊದಿಕೊಂಡ ಮಂಡಿಯನ್ನು ತಿಕ್ಕಬಾರದು. ಮೊದಲ ಎರಡು ದಿನ ವಿಶ್ರಾಂತಿ, ತಂಪು. ಮುರಿವೆಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮೇಲಿಡಬಹುದು, ಉಜ್ಜುವಂತಿಲ್ಲ.

ಒತ್ತಡದ ವಿಷಯದಲ್ಲಿಯೂ ತಪ್ಪು ಕಲ್ಪನೆಯುಂಟು. ಜೋರಾಗಿ ಒತ್ತಿದಷ್ಟೂ ಗುಣ ಹೆಚ್ಚೆಂದು ಗಂಡಸರು ಭಾವಿಸುತ್ತಾರೆ. ಕೇರಳದ ಕಳರಿ ಪರಂಪರೆಯಲ್ಲಿ ಹಗ್ಗ ಹಿಡಿದು ಪಾದದಿಂದ ತುಳಿದು ಉಜ್ಜುವ ಚವಿಟ್ಟಿ ಉಳಿಚ್ಚಿಲ್ ಇದೆ. ಅದು ಅಂಗಸಾಧನೆ ಮಾಡುವ ಯುವಕರ ದೇಹವನ್ನು ಬಳುಕಿಸಲು ಹುಟ್ಟಿದ್ದು, ಎಪ್ಪತ್ತರ ಅಜ್ಜನ ಟೊಳ್ಳು ಮೂಳೆಗಲ್ಲ. ಎಣ್ಣೆ ಒಳಗಿಳಿಯುವುದಕ್ಕೆ ಬೇಕಾದದ್ದು ಬಲವಲ್ಲ, ಸಮಯ. ಸುಶ್ರುತಸಂಹಿತೆಗೆ ವ್ಯಾಖ್ಯಾನ ಬರೆದ ಡಲ್ಹಣರು ಸ್ನೇಹವು ರೋಮಮೂಲವನ್ನು ಮುಟ್ಟಲು 300 ಮಾತ್ರಾಕಾಲ, ಚರ್ಮಕ್ಕೆ 400, ಹೀಗೆ ಏರುತ್ತ ಮಜ್ಜೆಯನ್ನು ಮುಟ್ಟಲು 900 ಎಂದು ಲೆಕ್ಕ ಕೊಟ್ಟಿದ್ದಾರೆ. ನಿಮಿಷಕ್ಕೆ ಇಳಿಸಿದರೆ ಒಂದು ಭಾಗಕ್ಕೆ ಹೆಚ್ಚೆಂದರೆ ಐದು ನಿಮಿಷ. ಒಂದೂವರೆ ಗಂಟೆ ಹಿಂಡಿಸಿಕೊಂಡು ಮೈಕೈ ನೋಯಿಸಿಕೊಳ್ಳುವ ಅಗತ್ಯ ಎಲ್ಲಿದೆ?

ಕುತ್ತಿಗೆಯ ನೆಟಿಗೆ ಮುರಿಯುವ ಅಭ್ಯಾಸವನ್ನಂತೂ ಖಂಡಿತವಾಗಿ ಬಿಡಬೇಕು. 2024ರಲ್ಲಿ ಬಳ್ಳಾರಿಯ ಮೂವತ್ತರ ಹರೆಯದ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ತಲೆಗೆ ಮಸಾಜು ಮಾಡಿಸಿಕೊಂಡು, ಕತ್ತನ್ನು ತಿರುವಿದ ಬಳಿಕ ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮೆದುಳಿಗೆ ರಕ್ತವನ್ನೊಯ್ಯುವ ಧಮನಿಯ ಗೋಡೆ ಸೀಳಿತ್ತು. ತಲೆಗೆ ಎಣ್ಣೆ ಹಾಕಿ ಬೆರಳ ತುದಿಯಿಂದ ತಟ್ಟಿಸಿಕೊಳ್ಳಿ; ಕತ್ತಿಗೆ ಕೈಹಾಕಿದೊಡನೆ ಬೇಡವೆನ್ನಿ. ಸಂಕೋಚಪಡಬೇಡಿ.

ಬಾಣಂತಿಯರ ಎಣ್ಣೆನೀರಿನ ಆರೈಕೆ ನಮ್ಮ ಕರಾವಳಿಯಲ್ಲಿಯೂ ಬಯಲುಸೀಮೆಯಲ್ಲಿಯೂ ಇನ್ನೂ ಉಳಿದಿರುವುದು ಸಂತೋಷದ ಸಂಗತಿ. ಸಿಸೇರಿಯನ್ ಆದವರು ಗಾಯ ಮಾಗಿ ವೈದ್ಯರು ಒಪ್ಪುವವರೆಗೂ ಹೊಟ್ಟೆಗೆ ಉಜ್ಜಿಸಿಕೊಳ್ಳಬಾರದು. ಇನ್ನೊಂದು ಎಚ್ಚರಿಕೆ ಎಲ್ಲ ತಾಯಂದಿರಿಗೂ: ಹೆರಿಗೆಯ ಬಳಿಕ, ಶಸ್ತ್ರಚಿಕಿತ್ಸೆಯ ಬಳಿಕ ಅಥವಾ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಬಳಿಕ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಕುತ್ತಾದೀತು. ಎಣ್ಣೆಯ ಬಟ್ಟಲನ್ನು ಅಲ್ಲಿಯೇ ಇಟ್ಟು ಆಸ್ಪತ್ರೆಗೆ ಹೊರಡಿ. ಹಸುಗೂಸಿಗೆ ಎಣ್ಣೆ ಹಚ್ಚುವ ಅಜ್ಜಿಯಂದಿರಲ್ಲಿಯೂ ಒಂದು ವಿನಂತಿ: ಮೈಗೆ ಧಾರಾಳವಾಗಿ ಹಚ್ಚಿ, ಮೂಗಿಗೂ ಕಿವಿಗೂ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಮಗುವಿನ ಶ್ವಾಸಕೋಶಕ್ಕೆ ಇಳಿಯುತ್ತದೆ.

ಸಕ್ಕರೆ ಕಾಯಿಲೆಯವರಲ್ಲಿ ಪಾದದ ಸ್ಪರ್ಶ ಕುಂದಿರುತ್ತದೆ. ಬಿಸಿ ಕಿಳಿಯ ಗಂಟು ಸುಟ್ಟರೂ ಅವರಿಗೆ ತಿಳಿಯದು. ಬೊಬ್ಬೆ ಎದ್ದು ಹುಣ್ಣಾದ ಮೇಲೆ ಬರುತ್ತಾರೆ. ಅವರಿಗೆ ಪಾದಾಭ್ಯಂಗ ಒಳ್ಳೆಯದೇ, ಆದರೆ ಉಗುರುಬೆಚ್ಚಗಿನ ಎಣ್ಣೆಯಿಂದ. ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಜ್ವರವಿರುವವರು, ಅರ್ಬುದದ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳದೆ ಯಾವ ಮಸಾಜಿಗೂ ಹೋಗದಿರಲಿ.

ಕೇಂದ್ರಕ್ಕೆ ಹೋಗಲೇಬೇಕಾದರೆ, ಮೈಮುಟ್ಟುವ ಮೊದಲು ನೋಂದಾಯಿತ ವೈದ್ಯರು ನಾಡಿ, ನಾಲಿಗೆ, ರಕ್ತದೊತ್ತಡ ನೋಡಿದರೇ ಎಂಬುದನ್ನು ಗಮನಿಸಿ. ಯಾವ ತೈಲವೆಂದು ಸೀಸೆ ತೋರಿಸಲು ಹೇಳಿ. ಇನ್ನೊಬ್ಬರಿಗೆ ಬಳಸಿದ ಎಣ್ಣೆಯನ್ನು ನಿಮಗೆ ಸುರಿಯುವಂತಿಲ್ಲ. ಪಿಳಿಚ್ಚಿಲ್, ನವರಕಿಳಿಗಳು ದಿನಗಟ್ಟಲೆ ಪಥ್ಯದೊಂದಿಗೆ ಮಾಡುವ ಚಿಕಿತ್ಸೆಗಳು. ಪ್ರವಾಸದ ನಡುವೆ ಒಂದು ದಿನ ಮಾಡಿಸಿಕೊಂಡು ಸಂಜೆ ಮಲ್ಪೆ ಕಡಲತೀರದ ಗಾಳಿಗೆ ನಿಲ್ಲುವುದರಿಂದ ಹಣ ಹೋದೀತು, ನೆಗಡಿ ಬಂದೀತು.

ಆರೋಗ್ಯವಂತರಿಗೆ ಮನೆಯಲ್ಲಿ ತಾವೇ ಮಾಡಿಕೊಳ್ಳುವ ಅಭ್ಯಂಗ ಸಾಕು. ಬೆಳಗ್ಗೆ ಶೌಚ ಮುಗಿಸಿ, ಸ್ನಾನ ಮತ್ತು ಇಷ್ಟಲಿಂಗಪೂಜೆಗೆ ಮುನ್ನ ಹದಿನೈದು ನಿಮಿಷ ಇದಕ್ಕೆ ಮೀಸಲಿಡಿ. ಎಣ್ಣೆಯನ್ನು ಒಲೆಯ ಮೇಲಿಡದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗಾಗಿಸಿ. ಕೈಕಾಲುಗಳಿಗೆ ಉದ್ದಕ್ಕೆ, ಕೀಲುಗಳಿಗೆ ವೃತ್ತಾಕಾರವಾಗಿ, ಹೊಟ್ಟೆಗೆ ಮೃದುವಾಗಿ. ದಿನವೂ ಆಗದಿದ್ದರೆ ವಾರಕ್ಕೆರಡು ಬಾರಿ. ಅದೂ ಆಗದಿದ್ದರೆ ರಾತ್ರಿ ಮಲಗುವಾಗ ಅಂಗಾಲಿಗಾದರೂ. ಸ್ನಾನಕ್ಕೆ ಬೆಚ್ಚಗಿನ ನೀರು, ಜಿಡ್ಡು ತೆಗೆಯಲು ಕಡಲೆಹಿಟ್ಟು. ವಯಸ್ಸಾದವರು ಬಚ್ಚಲಿಗೆ ಕಾಲಿಡುವ ಮೊದಲು ಅಂಗಾಲಿನ ಎಣ್ಣೆಯನ್ನು ಒರಟು ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಳ್ಳಬೇಕು, ನೆಲಕ್ಕೊಂದು ಗೋಣಿತಾಟು ಹಾಸಿರಬೇಕು. ಅಭ್ಯಂಗದ ದಿನ ಬಚ್ಚಲಿನಲ್ಲಿ ಜಾರಿ ತೊಡೆಮೂಳೆ ಮುರಿದುಕೊಂಡು ಬಂದ ಹಿರಿಯರನ್ನು ಪ್ರತಿವರ್ಷವೂ ದೀಪಾವಳಿಯ ಹೊತ್ತಿಗೆ ನೋಡುತ್ತಿದ್ದೇನೆ.